ಕೆನ್ನೆಯ ದೊಡ್ಡ ಚೌಕ

ಬೆಳುವಾಯಿಯ ಆ ಹೆಂಗಸು ನನ್ನ ಮೊಬೈಲಿಗೆ ಕಳುಹಿಸಿದ ಸಂದೇಶದಲ್ಲಿ ಎರಡೇ ವಾಕ್ಯಗಳಿದ್ದವು. ‘ಅಮ್ಮನ ಚಿತ್ರದಲ್ಲಿ ಕಲೆ ಇರಲೇಬೇಕು. ಕಲೆ ಇಲ್ಲದಿದ್ದರೆ ಅದು ನಮ್ಮ ಅಮ್ಮ ಅಲ್ಲ.’ ನಾನು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಸ್ವಲ್ಪ ಹೊತ್ತು ಸಿಟ್ಟಿನಲ್ಲಿಯೇ ಕುಳಿತೆ. ಬಂಟ್ವಾಳದ ಪೇಟೆಯಲ್ಲಿ ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು ನಾನು. ಫ್ಲೆಕ್ಸ್ ಬಂದು ಬೋರ್ಡು ಬರೆಸುವವರು ಇಲ್ಲವಾದ ಮೇಲೆ, ಕೇಳಿಕೊಂಡು ಬಂದವರಿಗೆ ಎಣ್ಣೆಬಣ್ಣದಲ್ಲಿ ಮುಖಚಿತ್ರ ಬರೆದುಕೊಡುತ್ತೇನೆ. ಚಿತ್ರದಲ್ಲಿ ಕಲೆ ಇರಬೇಕೆಂದು ಈ ವಯಸ್ಸಿನಲ್ಲಿ ನನಗೆ ಹೇಳಿಕೊಡಬೇಕೇ?

ಸಿಟ್ಟು ಇಳಿದ ಮೇಲೆ ಹಟ ಹತ್ತಿತು. ಕಲೆಯೇ ಬೇಕೆಂದಾದರೆ ಕಲೆಯನ್ನೇ ಕೊಡುವ ಎಂದು ನಿಶ್ಚಯಿಸಿ, ಮೂರು ವಾರ ಆ ಒಂದೇ ಚಿತ್ರಕ್ಕೆ ಕುಳಿತೆ. ಆಕೆಯ ತಾಯಿ ತೀರಿಹೋಗಿ ವರ್ಷ ತುಂಬಲು ಇನ್ನೂ ಎರಡು ತಿಂಗಳಿತ್ತು. ಆ ದಿನ ಬೆಳುವಾಯಿಯ ಮನೆಯ ಚಾವಡಿಯಲ್ಲಿ ಚಿತ್ರವನ್ನು ತೂಗುಹಾಕಬೇಕೆಂಬುದು ಮಗಳ ಅಪೇಕ್ಷೆ. ನನಗೆ ಸಿಕ್ಕಿದ್ದು ಮೂಡುಬಿದಿರೆಯ ಒಂದು ಸ್ಟುಡಿಯೋದವನು ತೆಗೆದ ಫೋಟೋ. ಅದರಲ್ಲಿ ಆ ತಾಯಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಕ್ಯಾಮೆರಾವನ್ನೇ ನೋಡುತ್ತಿದ್ದರು. ನಾನು ಎಡಗಡೆಯಿಂದ ಕಿಟಕಿಯ ಬೆಳಕು ಬೀಳುವಂತೆ ಮಾಡಿದೆ. ಸೀರೆಯ ಅಂಚಿನ ಜರಿಗೆ ಎರಡು ದಿನ ಕೊಟ್ಟೆ. ಕೆನ್ನೆಗಳನ್ನು ಒಣಕುಂಚದಿಂದ ಉಜ್ಜಿ ಉಜ್ಜಿ, ಒಂದು ಗೆರೆಯೂ ಕಾಣದ ಹಾಗೆ ನಯ ಮಾಡಿದೆ.

ಆಕೆ ಸಿದ್ಧಕಟ್ಟೆಯ ಮೇಲೆ ಬರುವ ಬಸ್ಸಿನಲ್ಲಿ ಬಂದರು. ನನ್ನ ಹೆಂಡತಿ ಬೆಲ್ಲ ನೀರು ಕೊಟ್ಟಳು. ನಾನು ಬಟ್ಟೆ ಸರಿಸಿದೆ. ಆಕೆ ಬಹಳ ಹೊತ್ತು ನೋಡುತ್ತ ನಿಂತರು.

“ಚಂದ ಆಗಿದೆ ಆರ್ಟಿಸ್ಟ್ರೇ. ಆದರೆ ಕಲೆ ಎಲ್ಲಿ?”

“ಎಂತ ಹೇಳಿದ್ರಿ?”

“ಕಲೆ. ನಾನು ಬರೆದು ಕಳಿಸಿದ್ದೆನಲ್ಲ?”

ನಾನು ಉಪನ್ಯಾಸವನ್ನೇ ಕೊಟ್ಟೆ. “ಅಕ್ಕಾ, ಬೆಳಕು ಎಲ್ಲಿಂದ ಬರ್ತದೆ ನೋಡಿ. ಆ ಮೂಗಿನ ನೆರಳು ನೋಡಿ. ಕಲೆ ಎಂದರೆ ಜಾತ್ರೆಯ ಬ್ಯಾನರಿನ ಹಾಗೆ ದೂರದಿಂದ ಕೂಗಬಾರದು. ನೋಡುವವರೇ ಸ್ವಲ್ಪ ಹತ್ತಿರ ಹೋಗಬೇಕು.”

ಆಕೆ ಸಮಾಧಾನದಿಂದ ಎಲ್ಲವನ್ನೂ ಕೇಳಿ, ತನ್ನ ಕೆನ್ನೆಯ ಮೇಲೆ ಬೆರಳಿಟ್ಟು ಹೇಳಿದರು. “ಆ ಕಲೆ ಅಲ್ಲ ಮಾರಾಯ್ರೆ. ಸಿಡುಬಿನ ಕಲೆ. ಅಮ್ಮನಿಗೆ ಸಣ್ಣದಿರುವಾಗ ಸಿಡುಬು ಬಂದಿತ್ತು. ಮುಖ ಇಡೀ ಕಲೆ.”

ಅಡುಗೆಮನೆಯಿಂದ ನನ್ನ ಹೆಂಡತಿ ನಗುವುದು ಕೇಳಿಸಿತು. “ಜೀವಮಾನ ಇಡೀ ಅಕ್ಷರ ಬರೆದವರಿಗೆ ಎರಡಕ್ಷರ ಓದ್ಲಿಕ್ಕೆ ಬರ್ಲಿಲ್ಲ!”

ಎರಡು ಅರ್ಥಕ್ಕೂ ಒಂದೇ ಕಾಗುಣಿತವಿರುವ ಈ ಭಾಷೆಯ ಮೇಲೆ ತಪ್ಪು ಹೊರಿಸಲು ನೋಡಿದೆ, ಆಗಲಿಲ್ಲ. ಮುಖಚಿತ್ರ ಬರೆಸುವವರು ಕಲೆ ಎಂದಾಗ ಮುಖದ ಕಲೆಯನ್ನೇ ಮೊದಲು ನೆನೆಯಬೇಕಿತ್ತು. ಆದರೆ ನನ್ನ ಪಾಲಿಗೂ ಒಂದು ವಾದ ಇತ್ತು. “ಅಕ್ಕಾ, ಫೋಟೋದಲ್ಲಿ ಒಂದೇ ಒಂದು ಕಲೆ ಇಲ್ಲ. ಇಲ್ಲದ್ದನ್ನು ನಾನು ಹೇಗೆ ಬರೆಯುವುದು?”

“ಫೋಟೋದಲ್ಲಿ ಇತ್ತು,” ಎಂದರು ಆಕೆ. “ತೆಗೆದ ದಿನ ಸ್ಟುಡಿಯೋದವರು ಕ್ಯಾಮೆರಾದಲ್ಲಿ ತೋರಿಸಿದ್ದರು. ನಾನೇ ನೋಡಿದ್ದೇನೆ.”

ಅವರು ಹೇಳಿದ ವಿಷಯ ಇಷ್ಟು. ತಾಯಿ ತಮ್ಮ ಕಲೆಗಳಿಗೆ ನಾಚಿ ಜೀವಮಾನವೆಲ್ಲ ಫೋಟೋಕ್ಕೆ ನಿಂತವರಲ್ಲ. ಮದುವೆಯ ಗುಂಪುಚಿತ್ರದಲ್ಲಿಯೂ ಸೆರಗನ್ನು ಕೆನ್ನೆಗೆ ಎಳೆದುಕೊಂಡು ಹಿಂದಿನ ಸಾಲಿಗೆ ಸರಿಯುತ್ತಿದ್ದರು. ಕೆಲವು ವರ್ಷಗಳ ಹಿಂದೆ ಮಗನ ಗೃಹಪ್ರವೇಶದಲ್ಲಿ ಮಾತ್ರ, ಯಾರೂ ಒತ್ತಾಯ ಮಾಡದಿದ್ದರೂ, ತಾವಾಗಿ ಕುರ್ಚಿ ಎಳೆದು ಕುಳಿತು “ಈಗ ತೆಗೆಯಿರಿ” ಎಂದಿದ್ದರು. ಆ ದಿನ ಸೆರಗು ಕೆನ್ನೆಗೆ ಬರಲಿಲ್ಲ. ಆ ಫೋಟೋವನ್ನು ಯಾರೂ ಪ್ರಿಂಟು ಹಾಕಿಸಲಿಲ್ಲ. ತಾಯಿ ಹೋದ ಮೇಲೆ ಸ್ಟುಡಿಯೋದಿಂದ ತರಿಸಿ ನೋಡಿದರೆ ಕೆನ್ನೆ ನುಣ್ಣಗೆ ಬೆಣ್ಣೆಯ ಹಾಗಿತ್ತು.

“ಬೆಳ್ತಂಗಡಿಯಲ್ಲಿರುವ ನಮ್ಮ ಅಣ್ಣ ಹೇಳ್ತಾನೆ, ಫೋಟೋದಲ್ಲಿ ಇಲ್ಲ ಅಂದರೆ ಅಷ್ಟೇನೂ ಇರಲಿಲ್ಲ ಅಂತ ಲೆಕ್ಕ, ನೀನು ಹೆಚ್ಚು ಮಾಡಿ ಹೇಳ್ತಿ ಅಂತ. ದಿನಾ ಇದನ್ನೇ ನೋಡಿ ನೋಡಿ ಈಗ ನನಗೂ ಸಂಶಯ ಬರ್ಲಿಕ್ಕೆ ಶುರು ಆಗಿದೆ ಆರ್ಟಿಸ್ಟ್ರೇ. ಅಮ್ಮನನ್ನು ನೆನಪು ಮಾಡಿದರೆ ಈ ಫೋಟೋದ ಮುಖವೇ ಬರ್ತದೆ. ನನ್ನ ಅಮ್ಮನ ಮುಖ ಬರುದಿಲ್ಲ.”

ಆಕೆಗೆ ಅರುವತ್ತರ ಹತ್ತಿರ. ತಾಯಿಯ ಮನೆಯಲ್ಲಿಯೇ ಇದ್ದು ಕೊನೆಯವರೆಗೆ ನೋಡಿಕೊಂಡವರು. ಆ ಮಾತನ್ನು ಅವರು ಅಳುತ್ತ ಹೇಳಲಿಲ್ಲ, ಕಳೆದುಹೋದ ಕೊಡೆಯ ವಿಷಯ ಹೇಳುವಂತೆ ಹೇಳಿದರು. ನಾನು ಚಿತ್ರಕ್ಕೆ ಬಟ್ಟೆ ಮುಚ್ಚಿ, “ಇದು ಇಲ್ಲಿಯೇ ಇರಲಿ. ಕಲೆಗಳು ಎಲ್ಲಿ ಹೋದವು ಎಂದು ನೋಡುವ,” ಎಂದೆ.

ಯಾರಾದರೂ ಹೇಳಿದರೆಂದು ಒಂದು ಮಾತನ್ನು ಒಪ್ಪಿಕೊಳ್ಳುವುದು ನನ್ನ ಜಾಯಮಾನಕ್ಕೆ ಬಂದದ್ದಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಇಂಗ್ಲಿಷನ್ನು ಪೇಂಟಿನ ಡಬ್ಬಿಗಳಿಂದಲೂ ಒಂದು ಹರಕು ನಿಘಂಟಿನಿಂದಲೂ ಕಲಿತೆ. ನಮ್ಮ ಪೇಟೆಯಲ್ಲಿ ಹಳೆಯ ನೆರೆಯ ನೀರು ಇಲ್ಲಿಯವರೆಗೆ ಬಂದಿತ್ತು ಎಂದು ಎರಡು ಕಟ್ಟಡಗಳ ಗೋಡೆಯಲ್ಲಿ ಗೆರೆ ತೋರಿಸುತ್ತಾರೆ. ಒಮ್ಮೆ ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿದೆ. ಒಂದೇ ನೆರೆಯ ಎರಡು ಗೆರೆಗಳ ನಡುವೆ ಒಂದೂವರೆ ಗೇಣು ವ್ಯತ್ಯಾಸ. ಅದನ್ನು ಹೇಳಿದ್ದಕ್ಕೆ ಎರಡೂ ಕಟ್ಟಡದವರು ನನ್ನೊಡನೆ ಕೆಲವು ಕಾಲ ಮಾತು ಬಿಟ್ಟಿದ್ದರು.

ಮರುದಿನ ಮೂಡುಬಿದಿರೆಗೆ ಹೋದೆ. ಸ್ಟುಡಿಯೋದವನು ನಲವತ್ತರ ಆಸುಪಾಸಿನ, ಮರ್ಯಾದೆಯ ಮನುಷ್ಯ. ನಾನು ಬಂದ ಕಾರಣ ಕೇಳಿ ನಕ್ಕ.

“ಅದು ಎ.ವಿ.ಐ.ಎಫ್. ಫೈಲು ಆರ್ಟಿಸ್ಟ್ರೇ. ಹೊಸ ಬಗೆಯದ್ದು. ಹಳೆಯ ಫೋಟೋಗಳನ್ನೆಲ್ಲ ನಾನು ಅದಕ್ಕೆ ಬದಲಾಯಿಸಿ ಇಟ್ಟಿದ್ದೇನೆ. ಜಾಗ ಅರ್ಧಕ್ಕಿಂತ ಕಮ್ಮಿ ಸಾಕು, ಫೋಟೋ ಮಾತ್ರ ಅದೇ. ಒಂದು ಕೂದಲೂ ಆಚೆ ಈಚೆ ಆಗುದಿಲ್ಲ.”

“ಅರ್ಧ ಜಾಗ ಎಲ್ಲಿಂದ ಬಂತು? ಏನೋ ಹೋಗಿರಬೇಕಲ್ಲ?”

“ಏನೂ ಹೋಗುದಿಲ್ಲ. ಅದು ಒಂದು ಗಣಿತ.”

“ಯಾವ ಗಣಿತ?”

“ನನಗೆಂತ ಗೊತ್ತು ಮಾರಾಯ್ರೆ? ಎಲ್ಲರೂ ಹಾಗೆ ಹೇಳ್ತಾರೆ.”

ಈ ‘ಎಲ್ಲರೂ’ ಎಂಬವರನ್ನು ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಭೇಟಿಯಾಗಿಲ್ಲ. ಮೂಲ ಫೋಟೋ ಎಲ್ಲಿ ಎಂದು ಕೇಳಿದೆ. ಜಾಗ ಉಳಿಸಲೆಂದು ಬದಲಾಯಿಸಿದ್ದಾದ್ದರಿಂದ ಮೂಲವನ್ನು ಅಳಿಸಿದ್ದಾಗಿ ಹೇಳಿದ. ಅದು ಸಹಜವೇ.

ಈ ಬಗೆಯ ಫೈಲಿನ ನಿಯಮಗಳನ್ನು ಗುಟ್ಟಾಗಿ ಇಟ್ಟಿಲ್ಲ, ಬೇಕಾದವರು ಓದಬಹುದು ಎಂಬುದು ಮೊಬೈಲಿನಲ್ಲಿ ಹುಡುಕಿದಾಗ ತಿಳಿಯಿತು. ಪೂರ್ತಿ ನಿಯಮಾವಳಿ ನನ್ನಂಥವನ ಒಂದು ಜನ್ಮಕ್ಕೆ ಸಾಲದಷ್ಟು ಇತ್ತು. ಅದನ್ನು ಬಿಡಿಸಿ ಹೇಳುವ ಕೆಲವು ಬರಹಗಳನ್ನು ಆರಿಸಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಮಾಡಿಸಿದೆ. ಕಾಗದದ ಕಟ್ಟನ್ನು ಕೊಡುತ್ತ ಅಂಗಡಿಯವನು, “ಅಜ್ಜಾ, ಇದು ಯಾವ ಪರೀಕ್ಷೆಗೆ ಕಟ್ಟಿದ್ದು?” ಎಂದು ಕೇಳಿದ. ನಾನು ಗಂಭೀರವಾಗಿ, “ಸಪ್ಲಿಮೆಂಟರಿ,” ಎಂದೆ.

ಮೊದಲ ನಾಲ್ಕು ದಿನ ಏನೂ ತಲೆಗೆ ಹೋಗಲಿಲ್ಲ. ಐದನೆಯ ದಿನ ಒಂದು ಚಿತ್ರ ಕಂಡೆ. ಒಂದು ಫೋಟೋದ ಮೇಲೆ ಚೌಕಗಳ ಗೆರೆ ಎಳೆದಿತ್ತು. ಆಕಾಶದಲ್ಲಿ ಚೌಕ ದೊಡ್ಡದು, ಮರದ ಎಲೆಗಳಲ್ಲಿ ಸಣ್ಣದು, ಹಕ್ಕಿಯ ಕಣ್ಣಿನಲ್ಲಿ ಇನ್ನೂ ಸಣ್ಣದು. ನನಗೆ ಕುಳಿತಲ್ಲೇ ನಗು ಬಂತು. ಇದು ನನ್ನದೇ ಕೆಲಸ!

ಸಣ್ಣ ಫೋಟೋವನ್ನು ದೊಡ್ಡ ಗೋಡೆಗೆ ಏರಿಸುವಾಗ ನಾವು ಮಾಡುವುದೇ ಅದು. ನೂಲಿಗೆ ಚಾಕ್ ಪುಡಿ ಹಚ್ಚಿ, ಎರಡು ಕಡೆ ಬಿಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಯ ಮೇಲೆ ನೆಟ್ಟಗಿನ ಗೆರೆ ಬೀಳುತ್ತದೆ. ಹಾಗೆ ಚೌಕ ಹಾಕಿಕೊಂಡು, ಫೋಟೋದ ಒಂದೊಂದು ಚೌಕದಲ್ಲಿ ಇರುವುದನ್ನು ಗೋಡೆಯ ಚೌಕಕ್ಕೆ ಇಳಿಸುತ್ತೇವೆ. ಬರೀ ನೀಲಿ ಬಣ್ಣ ಬರುವಲ್ಲಿ ದೊಡ್ಡ ಚೌಕ ಸಾಕು. ಕಣ್ಣು, ತುಟಿ ಬರುವಲ್ಲಿ ಆ ಚೌಕವನ್ನು ನಾಲ್ಕು ಮಾಡಬೇಕು, ನಾಲ್ಕರಲ್ಲಿ ಒಂದನ್ನು ಮತ್ತೆ ನಾಲ್ಕು ಮಾಡಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಕೈಯೇ ಕಲಿಯಿತು.

ಅಲ್ಲಿಂದ ಮುಂದೆ ಓದು ಸಲೀಸಾಯಿತು. ಒಂದು ಚೌಕಕ್ಕೆ ಬಂದಾಗ ಈ ವಿಧಾನವು ಮೊದಲು ಮೇಲಿನ ಚೌಕವನ್ನೂ ಎಡಗಡೆಯ ಚೌಕವನ್ನೂ ನೋಡಿ, ಇಲ್ಲಿಯೂ ಹೀಗೆಯೇ ಇರಬಹುದು ಎಂದು ಊಹೆ ಮಾಡುತ್ತದೆ. ಗೆರೆ ಓರೆಯಾಗಿ ಬಂದಿದ್ದರೆ ಓರೆಯಾಗಿಯೇ ಮುಂದುವರಿಸುತ್ತದೆ. ಅನಂತರ ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ. ಆ ವ್ಯತ್ಯಾಸವನ್ನೂ ಇದ್ದ ಹಾಗೆ ಬರೆಯುವುದಿಲ್ಲ. ದೊಡ್ಡ ಕುಂಚದಿಂದ ಬಳಿಯಬಹುದಾದದ್ದು ಎಷ್ಟು, ನಡುವಿನ ಕುಂಚದ್ದು ಎಷ್ಟು, ಕೂದಲಿನಂಥ ಸಣ್ಣ ಕುಂಚದ್ದು ಎಷ್ಟು ಎಂದು ಬೇರೆ ಬೇರೆ ಮಾಡಿ ಅಳೆಯುತ್ತದೆ. ಅಳತೆಗೋಲು ಎಷ್ಟು ಒರಟಾಗಿರಬೇಕೆಂದು ನಾವೇ ಹೇಳಬೇಕು. ಒರಟು ಹೆಚ್ಚಾದಷ್ಟು ಸಣ್ಣ ಕುಂಚದ ಕೆಲಸ ಸೊನ್ನೆಯಾಗುತ್ತದೆ. ಬಣ್ಣದ ವಿಷಯದಲ್ಲಿ ಇನ್ನೂ ಉದಾಸೀನ: ಸಾಮಾನ್ಯವಾಗಿ ಬೆಳಕು ನೆರಳನ್ನು ಚುಕ್ಕೆ ಚುಕ್ಕೆಗೂ ಬರೆದುಕೊಂಡು, ಬಣ್ಣವನ್ನು ನಾಲ್ಕು ಚುಕ್ಕೆಗೆ ಒಂದರಂತೆ ಬರೆಯುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲವಂತೆ. ಕೊನೆಗೆ ಚೌಕಗಳ ಅಂಚು ಕಾಣದಂತೆ ಸಂದುಗಳನ್ನು ಉಜ್ಜಿ ನಯ ಮಾಡುತ್ತದೆ. ನಾನು ಒಣಕುಂಚದಲ್ಲಿ ಮಾಡುವಂತೆಯೇ.

ಇದನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಎಂಟಕ್ಕೆ ಎಂಟರ ಮನೆಗಳನ್ನು ಹಾಕಿ, ಒಳಗೆ ಸಂಖ್ಯೆ ತುಂಬಿ, ಒಂದು ವಾರ ಜಗಲಿಯಲ್ಲಿ ಕುಳಿತು ಮಾಡಿ ನೋಡಿದೆ. ಹೆಂಡತಿ ಹಾಳೆಯನ್ನು ಎತ್ತಿ ನೋಡಿ, “ಬೋರ್ಡು ಬಿಟ್ಟು ಈಗ ಜಾತಕ ಬರೆಯುದಾ? ನಮ್ಮದು ಒಮ್ಮೆ ನೋಡಿ, ಕೂಡಿ ಬರ್ತದಾ ಅಂತ,” ಎಂದಳು.

ಓದಿದ್ದನ್ನೂ ಪರೀಕ್ಷಿಸದೆ ನಂಬುವುದು ಸರಿಯಲ್ಲ. ಒಂದಡಿಯ ಪ್ಲೈವುಡ್ ತುಂಡಿಗೆ ಬಿಳಿ ಹೊಡೆದು ನಾಲ್ಕು ಭಾಗ ಮಾಡಿದೆ. ಒಂದರಲ್ಲಿ ತೆಳ್ಳಗಿನ ಕಪ್ಪು ಅಕ್ಷರ, ಇನ್ನೊಂದರಲ್ಲಿ ಹಸಿರಿನ ಮೇಲೆ ಸಣ್ಣ ಕೆಂಪು ಅಕ್ಷರ, ಮೂರನೆಯದರಲ್ಲಿ ಹಲಸಿನ ಹಲಗೆಯ ಎಳೆಗಳು. ನಾಲ್ಕನೆಯದರಲ್ಲಿ ಮೈಬಣ್ಣ ಬಳಿದು, ಅದಕ್ಕಿಂತ ಒಂದಿಷ್ಟೇ ಕಪ್ಪಾದ ಬಣ್ಣದಿಂದ ಸಿಡುಬಿನ ಕುಳಿಗಳನ್ನು ಬರೆದೆ. ಅದನ್ನು ಕಾಗದದಲ್ಲಿ ಸುತ್ತಿ ಬಸ್ಸಿನಲ್ಲಿ ಮೂಡುಬಿದಿರೆಗೆ ಒಯ್ದೆ. ಸ್ಟುಡಿಯೋದವನು ಅದರ ಫೋಟೋ ತೆಗೆದ. ಕಂಪ್ಯೂಟರಿನಲ್ಲಿ ಫೈಲು ಬದಲಾಯಿಸುವ ಕಿಟಕಿಯಲ್ಲಿ ಒಂದು ಪಟ್ಟಿ ಇತ್ತು. ಅದರ ಗುಂಡಿಯನ್ನು ನೂರರ ಕಡೆಗೆ ಜಾರಿಸಿದರೆ ಗುಣ ಹೆಚ್ಚು, ಸೊನ್ನೆಯ ಕಡೆಗೆ ಜಾರಿಸಿದರೆ ಜಾಗ ಕಮ್ಮಿ.

ಮೊದಲು ತೊಂಬತ್ತಕ್ಕೆ ಇಟ್ಟ. ಮೂಲವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನಾನು ಭೂತಗನ್ನಡಿ ಹಿಡಿದೆ. ಅಕ್ಷರ, ಎಳೆ, ಕುಳಿ ಎಲ್ಲವೂ ಇದ್ದ ಹಾಗೆಯೇ ಇದ್ದವು. ಅವನು ಕುರ್ಚಿಗೆ ಒರಗಿ ಕುಳಿತ ರೀತಿಯೇ ಸಾಕಿತ್ತು. ಎಪ್ಪತ್ತೈದಕ್ಕೆ ಇಟ್ಟಾಗಲೂ ಹಾಗೆಯೇ. ನನ್ನ ಸಂಶಯ ತಪ್ಪೆಂದು ಒಪ್ಪಿಕೊಳ್ಳುವ ಸ್ಥಿತಿ ಬಂತು, ಒಪ್ಪಿಕೊಂಡೆ ಕೂಡ. ಅರ್ಧ ಜಾಗದಲ್ಲಿ ಇಷ್ಟನ್ನು ಹಿಡಿಯುವ ಈ ವಿಧಾನವನ್ನು ಕಟ್ಟಿದವರ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದೆ. ಒಂದು ಚೂರೂ ಬಿಡದೆ ಹಿಡಿದಿಡುವ ಬಗೆಯೂ ಇದರಲ್ಲಿಯೇ ಉಂಟು ಎಂದು ಓದಿದ್ದೆ. ಆಮೇಲೆ ಕೇಳಿದೆ.

“ಹಳೆಯದನ್ನೆಲ್ಲ ಬದಲಾಯಿಸುವಾಗ ಎಷ್ಟಕ್ಕೆ ಇಟ್ಟಿದ್ರಿ?”

ಅವನು ತಲೆ ತುರಿಸಿಕೊಂಡ. “ಒಟ್ಟಿಗೆ ಹಾಕಿದ್ದು. ಇಪ್ಪತ್ತೈದಾ ಮೂವತ್ತಾ... ಆಗ ನೋಡಿದಾಗ ಎಲ್ಲ ಚಂದವೇ ಕಂಡಿತ್ತು.”

“ಇಪ್ಪತ್ತೈದಕ್ಕೆ ಇಟ್ಟು ನೋಡುವ.”

ಕಪ್ಪು ಅಕ್ಷರಗಳು ಗಟ್ಟಿಯಾಗಿ ನಿಂತಿದ್ದವು. ಹಸಿರಿನ ಮೇಲಿನ ಕೆಂಪು ಅಕ್ಷರಗಳು ಒದ್ದೆಯಾದಂತೆ ಹರಡಿದ್ದವು. ಹಲಸಿನ ಎಳೆಗಳು ಮೇಣದಂತೆ ಆಗಿದ್ದವು. ನಾಲ್ಕನೆಯ ಭಾಗದಲ್ಲಿ ನಾನು ಬರೆದ ಹದಿನೆಂಟು ಕುಳಿಗಳ ಪೈಕಿ ಕಪ್ಪಾಗಿದ್ದ ಮೂರು ಮಾತ್ರ ಮಸುಕಾಗಿ ಉಳಿದು, ಉಳಿದ ಜಾಗ ನುಣ್ಣನೆಯ ಚರ್ಮವಾಗಿತ್ತು. ನಮಗೆ ಮೋಸವಾದದ್ದು ಅಲ್ಲಿಯೇ. ಹಾಳಾದ ಫೋಟೋ ಹಾಳಾದಂತೆ ಕಾಣಿಸಿದ್ದರೆ ಅವನೂ ಅಂದೇ ಎಚ್ಚರಗೊಳ್ಳುತ್ತಿದ್ದ. ಇದು ಹಾಳಾಗಿಯೂ ಚಂದ ಕಾಣುತ್ತಿತ್ತು.

“ಆ ಅಮ್ಮನದ್ದು ನನ್ನಿಂದ ಹೋಯಿತಲ್ಲ ಆರ್ಟಿಸ್ಟ್ರೇ,” ಎಂದ ಸ್ಟುಡಿಯೋದವನು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಮೂರು ವಾರ ಅದೇ ಕೆನ್ನೆಯನ್ನು ಉಜ್ಜಿ ನಯ ಮಾಡಿದವನು ನಾನೇ ಅಲ್ಲವೇ?

“ಹೋದದ್ದು ಹೋಯಿತು. ಎಷ್ಟು ಹೋಗಿದೆ ಎಂದು ನೋಡುವ. ಆ ಫೈಲಿನ ಮೇಲೆ ಚೌಕದ ಗೆರೆಗಳನ್ನು ತೋರಿಸ್ಲಿಕ್ಕೆ ಆಗ್ತದಾ?”

ಅಂಥ ಒಂದು ಸಾಧನ ಇಂಟರ್ನೆಟ್ಟಿನಲ್ಲಿ ಇರುವುದನ್ನು ನಾನು ಓದಿದ್ದೆ, ಹುಡುಕಿ ತೆಗೆದವನು ಅವನು. ತಾಯಿಯ ಮುಖ ಪರದೆಯ ತುಂಬ ಬಂತು. ಅದರ ಮೇಲೆ ಚೌಕಗಳ ಜಾಲ. ಎರಡು ಕೆನ್ನೆಗಳಲ್ಲಿಯೂ ಒಂದೊಂದು ದೊಡ್ಡ ಚೌಕ, ಹಣೆಯಲ್ಲಿ ಎರಡು. ಅಲ್ಲೆಲ್ಲ ಊಹೆಯೇ ಹೆಚ್ಚು, ಬರೆದದ್ದು ಕಮ್ಮಿ. ಆದರೆ ಕಣ್ಣಿನ ಸುತ್ತ, ಮೂಗಿನ ಬದಿಯಲ್ಲಿ, ಕಿವಿಯ ಓಲೆಯ ಹತ್ತಿರ, ತುಟಿಯ ಅಂಚಿನಲ್ಲಿ ಚೌಕಗಳು ಒಡೆದು ಒಡೆದು ಅಕ್ಕಿಕಾಳಿನಷ್ಟಾಗಿದ್ದವು. ಅಂಚು ಗಟ್ಟಿಯಾಗಿರುವಲ್ಲಿ ಅದು ಮುತುವರ್ಜಿಯಿಂದ ಬರೆದುಕೊಂಡಿತ್ತು. ಆ ಮುತುವರ್ಜಿಯ ಲಾಭ ಪಕ್ಕದಲ್ಲಿದ್ದ ಕೆಲವು ಕಲೆಗಳಿಗೂ ಸಿಕ್ಕಿತ್ತು! ಇಡೀ ಮುಖವನ್ನು ನೋಡುವಾಗ ಅವು ನೆರಳಿನಂತೆ ತೋರುತ್ತಿದ್ದವು. ದೊಡ್ಡದು ಮಾಡಿ, ಬೆಳಕು ನೆರಳನ್ನು ಹೆಚ್ಚಿಸಿ ನೋಡಿದಾಗ ಮೂಗಿನ ಬಲಬದಿಯಲ್ಲಿ ಎರಡು, ಎಡಹುಬ್ಬಿನ ಕೊನೆಯಲ್ಲಿ ಒಂದು, ತುಟಿಯ ಕೆಳಗೆ ಒಂದು, ಬಲಗಿವಿಯ ಮುಂದೆ ಒಂದು. ಒಟ್ಟು ಐದು ಕುಳಿಗಳನ್ನು ಎಣಿಸಿದೆ.

ಇಷ್ಟರಿಂದ ಒಂದು ವಿಷಯ ಖಚಿತವಾಯಿತು. ಫೋಟೋ ಎಲ್ಲಿ ತಾನು ಕಂಡದ್ದನ್ನು ಹೇಳುತ್ತದೆ, ಎಲ್ಲಿ ಊಹಿಸಿ ಹೇಳುತ್ತದೆ ಎಂಬ ನಕ್ಷೆ ಈಗ ನನ್ನ ಕೈಯಲ್ಲಿತ್ತು. ಕೆನ್ನೆಯ ದೊಡ್ಡ ಚೌಕದಲ್ಲಿ ಎಷ್ಟು ಕಲೆಗಳಿದ್ದವು ಎಂಬುದು ಆ ಫೈಲಿಗೆ ಗೊತ್ತಿಲ್ಲ, ಅದನ್ನು ಹೇಳಬಲ್ಲವರು ಮಗಳು ಮಾತ್ರ. ಆದರೆ ಆಕೆಗೇ ತನ್ನ ನೆನಪಿನ ಮೇಲೆ ಸಂಶಯ ಬಂದಿತ್ತು. ಅಣ್ಣ ಹೇಳುವಂತೆ ಆಕೆ ಹೆಚ್ಚು ಮಾಡಿ ಹೇಳುತ್ತಿದ್ದರೆ? ಪ್ರೀತಿಯಿಂದ ಹೇಳುವ ಸಾಕ್ಷಿಯನ್ನು ನಾನು ಸಾಮಾನ್ಯ ಸಾಕ್ಷಿಗಿಂತ ಹೆಚ್ಚು ಅನುಮಾನದಿಂದಲೇ ನೋಡುವವನು.

ಆದ್ದರಿಂದ ಒಂದು ಉಪಾಯ ಮಾಡಿದೆ. ಐದು ಕಲೆಗಳ ಜಾಗವನ್ನು ಒಂದು ಹಾಳೆಯಲ್ಲಿ ಗುರುತು ಹಾಕಿ, ಮಡಚಿ, ಕಿಸೆಯಲ್ಲಿಟ್ಟುಕೊಂಡು ಬೆಳುವಾಯಿಗೆ ಹೋದೆ. ತಾಯಿಯ ಮುಖದ ಬರೀ ರೇಖೆಗಳನ್ನು ದೊಡ್ಡ ಕಾಗದದಲ್ಲಿ ಬರೆದು ತಂದಿದ್ದೆ. ಕಣ್ಣು, ಮೂಗು, ಬಾಯಿ, ಕಿವಿ ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಅದನ್ನು ಚಾವಡಿಯ ಮೇಜಿನ ಮೇಲೆ ಹರಡಿ, ಪೆನ್ಸಿಲು ಕೊಟ್ಟೆ.

“ಕಲೆಗಳನ್ನು ಗುರುತು ಮಾಡಿ ಅಕ್ಕಾ. ಫೋಟೋ ನೋಡಬೇಡಿ.”

“ತಪ್ಪಿದರೆ?”

“ತಪ್ಪಿದರೆ ಉಜ್ಜುವ ರಬ್ಬರು ಉಂಟು.”

ಆಕೆ ಪೆನ್ಸಿಲನ್ನು ಕಾಗದದ ಮೇಲೆ ಹಿಡಿದು ಸುಮಾರು ಹೊತ್ತು ಏನೂ ಮಾಡದೆ ಕುಳಿತರು. ಆಮೇಲೆ ಪೆನ್ಸಿಲು ಕೆಳಗಿಟ್ಟು, ಕಣ್ಣು ಮುಚ್ಚಿ, ಬಲಗೈಯ ತೋರುಬೆರಳನ್ನು ಗಾಳಿಯಲ್ಲಿ ಎತ್ತಿ ಏನನ್ನೋ ಸವರುವಂತೆ ಆಡಿಸಿದರು. “ಸಣ್ಣದಿರುವಾಗ ಅಮ್ಮನ ಮಡಿಲಲ್ಲಿ ಮಲಗಿ ಇದನ್ನೇ ಮುಟ್ಟಿ ಮುಟ್ಟಿ ಲೆಕ್ಕ ಕಲಿತದ್ದು ನಾನು. ಕೊನೆಗಾಲದಲ್ಲಿ ಮುಖ ತೊಳೆಸುವಾಗಲೂ ಕೈಗೆ ಸಿಕ್ತಿತ್ತು,” ಎಂದರು. ಬೆರಳು ಕಾಗದಕ್ಕೆ ಇಳಿಯಿತು. ಬೆರಳು ನಿಂತಲ್ಲಿ ನಾನು ಚುಕ್ಕೆ ಹಾಕುತ್ತ ಹೋದೆ. “ಇಲ್ಲಿ ಎರಡು, ಒಂದಕ್ಕೊಂದು ತಾಗಿಕೊಂಡು. ಇಲ್ಲಿ ಆಳದ್ದು. ಇದು ಸಣ್ಣದು. ಹುಬ್ಬಿನ ತುದಿಯಲ್ಲಿ ಒಂದು, ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ.”

ಆಕೆ ಮುಗಿಸಿದಾಗ ಮೂವತ್ತೊಂದು ಚುಕ್ಕೆಗಳಾಗಿದ್ದವು. ಕಿಸೆಯಿಂದ ನನ್ನ ಹಾಳೆಯನ್ನು ತೆಗೆದು ಪಕ್ಕದಲ್ಲಿಟ್ಟೆ. ಮೂಗಿನ ಬಲಬದಿಯಲ್ಲಿ ಎರಡು, ಸರಿ. ಹುಬ್ಬಿನ ಕೊನೆ, ಸರಿ. ತುಟಿಯ ಕೆಳಗೆ, ಸರಿ. ಬಲಗಿವಿಯ ಮುಂದೆ, ಸರಿ. ಐದಕ್ಕೆ ಐದು. ಆದರೆ ಆಕೆ ಎಡಗಿವಿಯ ಓಲೆಯ ಹತ್ತಿರವೂ ಒಂದನ್ನು ತೋರಿಸಿದ್ದರು. ಅದು ಸಣ್ಣ ಚೌಕಗಳ ಜಾಗ. ಇದ್ದಿದ್ದರೆ ನನಗೆ ಕಾಣಬೇಕಿತ್ತು.

“ಇದೊಂದು ಇಲ್ಲ ಅಕ್ಕಾ,” ಎಂದೆ.

“ಉಂಟು.”

“ನಾನು ದೊಡ್ಡದು ಮಾಡಿ ನೋಡಿದ್ದೇನೆ.”

“ನಾನು ಮುಟ್ಟಿದ್ದೇನೆ.”

ಹಟದಲ್ಲಿ ನನ್ನನ್ನು ಮೀರಿಸುವವರು ಸಿಗುವುದು ಅಪರೂಪ. ಆಕೆಯ ಮುಂದೆಯೇ ಸ್ಟುಡಿಯೋದವನಿಗೆ ಫೋನು ಮಾಡಿ, ಎಡಗಿವಿಯ ಓಲೆಯ ಭಾಗವನ್ನು ಮಾತ್ರ ದೊಡ್ಡದು ಮಾಡಿ ಕಳುಹಿಸಲು ಹೇಳಿದೆ. ಅವನು ಕೆಲಸ ಬಿಟ್ಟು ಕುಳಿತಿರಬೇಕು, ಬೇಗನೆ ಬಂತು. ಓಲೆಯ ನೆರಳು ಎಂದು ನಾನು ಬಿಟ್ಟುಬಿಟ್ಟಿದ್ದ ಕಪ್ಪಿನ ಪಕ್ಕದಲ್ಲಿ, ನೆರಳಿಗಿಂತ ದುಂಡಗಿನ ಇನ್ನೊಂದು ಕಪ್ಪು ಇತ್ತು. ನೆರಳಾಗಿದ್ದರೆ ಬೆಳಕಿನ ಎದುರು ದಿಕ್ಕಿಗೆ ಬೀಳಬೇಕಿತ್ತು. ಇದು ಬೆಳಕಿನ ಕಡೆಗೇ ಇತ್ತು. ಬೆಳಕಿನ ದಿಕ್ಕಿನ ಬಗ್ಗೆ ಉಪನ್ಯಾಸ ಕೊಟ್ಟವನು ಅದನ್ನೇ ನೋಡಿರಲಿಲ್ಲ.

“ಉಂಟು ಅಕ್ಕಾ. ಆರಕ್ಕೆ ಆರು. ನೀವು ಹೆಚ್ಚು ಮಾಡಿ ಹೇಳಿದ್ದಲ್ಲ. ಸಾಕ್ಷಿ ಇರುವಲ್ಲೆಲ್ಲ ನಿಮ್ಮ ಬೆರಳು ಸರಿಯಾಗಿ ಹೋಗಿದೆ. ಸಾಕ್ಷಿ ಇಲ್ಲದಲ್ಲಿ ನಾನು ನಿಮ್ಮನ್ನೇ ನಂಬುತ್ತೇನೆ.”

ಆಕೆ ಎದ್ದು ಒಳಗೆ ಹೋದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ ಅದು. ಬಾಳೆ ಎಲೆ ಹಾಕಿ ಕರೆಯುವಾಗ ಆಕೆಯ ಮುಖ ತೊಳೆದಂತಿತ್ತು. ಅಷ್ಟು ಬೆಳಕಿರುವಾಗ ರಾತ್ರಿಯ ಊಟ ಮಾಡಿ ನನಗೆ ಅಭ್ಯಾಸವಿಲ್ಲ, ಆದರೂ ಎರಡು ಸಲ ಬಡಿಸಿಕೊಂಡೆ.

ಮನೆಗೆ ಬಂದು ಚಿತ್ರದ ಕೆನ್ನೆಗಳನ್ನು ಕೆರೆದು ತೆಗೆದೆ. ಒಂದೊಂದು ಕುಳಿಗೂ ಒಂದು ಬದಿಯಲ್ಲಿ ನೆರಳು, ಇನ್ನೊಂದು ಬದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕೊಡಬೇಕು. ಆ ಬೆಳಕನ್ನು ಕೊಡದಿದ್ದರೆ ಅದು ಕೊಳೆಯಂತೆ ಕಾಣುತ್ತದೆ, ಕೊಟ್ಟರೆ ಚರ್ಮವಾಗುತ್ತದೆ. ಎರಡು ವಾರ ಹಿಡಿಯಿತು. ಅಷ್ಟು ಸಂತೋಷದಿಂದ ಕೆಲಸ ಮಾಡಿ ಬಹಳ ಕಾಲವಾಗಿತ್ತು. ಹೆಂಡತಿ ಒಮ್ಮೆ ಹಿಂದೆ ನಿಂತು ನೋಡಿ, “ಈಗ ಇವರು ಯಾರದ್ದೋ ಅಮ್ಮ ಅಂತ ಕಾಣ್ತದೆ. ಮೊದಲು ಸಾಬೂನಿನ ಜಾಹೀರಾತಿನ ಹಾಗಿತ್ತು,” ಎಂದಳು. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಸಿಕ್ಕಿಲ್ಲ.

ವರ್ಷ ತುಂಬುವ ಹಿಂದಿನ ದಿನ ಚಿತ್ರವನ್ನು ಬೆಳುವಾಯಿಗೆ ಒಯ್ದೆ. ಬೆಳ್ತಂಗಡಿಯಿಂದ ಅಣ್ಣನೂ ಬಂದಿದ್ದರು. ಗೋಡೆಗೆ ಒರಗಿಸಿ ಬಟ್ಟೆ ತೆಗೆದಾಗ ಮಗಳು ಹತ್ತಿರ ಹೋಗಲಿಲ್ಲ, ಕಂಬಕ್ಕೆ ಕೈಯೂರಿ ದೂರದಲ್ಲಿಯೇ ನಿಂತರು. ಅಣ್ಣ ಹತ್ತಿರ ಬಂದು, ಬಗ್ಗಿ, ಬಹಳ ಹೊತ್ತು ನೋಡಿದರು. ಕಲೆ ಯಾಕೆ ಬರೆದಿರಿ ಎಂದು ಕೇಳುತ್ತಾರೆಂದು ನಾನು ಉತ್ತರ ಸಿದ್ಧಮಾಡಿಕೊಂಡೆ. ಚೌಕದ ನಕ್ಷೆಯೂ ಚೀಲದಲ್ಲಿತ್ತು.

ಅವರು ತಂಗಿಯ ಕಡೆಗೆ ತಿರುಗಿದರು. ಸ್ವರದಲ್ಲಿ ಸ್ವಲ್ಪ ಸಿಟ್ಟಿತ್ತು.

“ಕೆನ್ನೆಯ ನಡುವಿನದ್ದು ಇಷ್ಟು ಮೇಲೆ ಇತ್ತಾ? ಕೆಳಗಲ್ವಾ ಅದು?”

“ಮೇಲೆಯೇ ಇತ್ತು.”

“ಎಂತ ಮೇಲೆ? ನನ್ನನ್ನು ಎತ್ತಿಕೊಂಡಾಗ ನನ್ನ ಕಣ್ಣಿಗೆ ಸರಿಯಾಗಿ ಅದೇ ಬರ್ತಿತ್ತು. ನನಗೆ ಗೊತ್ತಿಲ್ವಾ?”

“ಕಲೆಯೇ ಇರಲಿಲ್ಲ ಅಂತ ಹೇಳ್ತಿದ್ದಿಯಲ್ಲ ನೀನು?”

“ಅ... ಅಷ್ಟು ಇರಲಿಲ್ಲ ಅಂತ ಹೇಳಿದ್ದು. ಇದು ಇತ್ತು.”

ಅರುವತ್ತು ದಾಟಿದ ಅಣ್ಣ, ಅರುವತ್ತರ ಹತ್ತಿರದ ತಂಗಿ ಕೆನ್ನೆಯ ಒಂದು ಕುಳಿಗಾಗಿ ಅರ್ಧ ಗಂಟೆ ಜಗಳವಾಡಿದರು. ಅದು ಕೆನ್ನೆಯ ನಡುವೆ, ದೊಡ್ಡ ಚೌಕದ ಒಳಗೆ ಬರುವ ಕಲೆ. ನನ್ನ ಬಳಿ ಅದಕ್ಕೆ ಯಾವ ಸಾಕ್ಷಿಯೂ ಇರಲಿಲ್ಲ. ನಾನು ಬಣ್ಣದ ಪೆಟ್ಟಿಗೆ ತೆರೆದು, ಒಂದು ಸಣ್ಣ ಕುಂಚವನ್ನು ಎಣ್ಣೆಯಲ್ಲಿ ಅದ್ದಿ, ಜಗಲಿಯ ತುದಿಯಲ್ಲಿ ಕುಳಿತು ಅವರು ಒಂದು ತೀರ್ಮಾನಕ್ಕೆ ಬರುವುದನ್ನು ಕಾದೆ. ಕೊನೆಗೆ ಮಗಳು ನಗುತ್ತ ಕರೆದರು. “ಬನ್ನಿ ಆರ್ಟಿಸ್ಟ್ರೇ. ಒಂದು ಭತ್ತದಷ್ಟು ಕೆಳಗೆ ಮಾಡಿ. ಇವನ ಮಾತೂ ಇರಲಿ.”